ಕ್ರೈಸ್ತ ವಿಶ್ವಾಸದ ಮಾತನ್ನು ತರ್ಕಕ್ಕೆ ಒಡ್ಡುವುದು ಹೇಗೆ

ಮೊದಲು ಒಂದೇ ಒಂದು ಹೇಳಿಕೆ ಆರಿಸಿ, ಪೂರ್ಣ ವಾಕ್ಯವಾಗಿ ಬರೆದುಕೊಳ್ಳಿ. ‘ಕ್ರೈಸ್ತ ಧರ್ಮ ನಿಜವೇ?’ ಎಂದು ಶುರುಮಾಡಿದರೆ ಚರ್ಚೆ ಎಲ್ಲೆಲ್ಲಿಗೋ ಹೋಗುತ್ತದೆ.

ಆ ಹೇಳಿಕೆ ಯಾವ ಬಗೆಯದು ಎಂದು ಗುರುತಿಸುವುದೇ ಮುಖ್ಯ ಕೆಲಸ. ಮಧ್ಯಯುಗದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ (ಸು. 1225–1274) ಎಳೆದ ಗೆರೆ ಈಗಲೂ ಉಪಯೋಗಕ್ಕೆ ಬರುತ್ತದೆ: ದೇವರಿದ್ದಾನೆ ಎಂಬಲ್ಲಿಗೆ ಬುದ್ಧಿ ತಾನಾಗಿ ತಲುಪಬಲ್ಲದು, ತ್ರಯೇಕತ್ವ (ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿದ್ದಾನೆ ಎಂಬ ನಂಬಿಕೆ) ತಿಳಿಯುವುದು ದೈವಪ್ರಕಟಣೆಯಿಂದ, ಅಂದರೆ ದೇವರೇ ತಿಳಿಸಿಕೊಟ್ಟಾಗ ಮಾತ್ರ. ಎರಡನೆಯದನ್ನು ಸಾಧಿಸಿ ತೋರಿಸಲು ಹೋದವರ ವಾದ ಸೊರಗುತ್ತದೆ, ಎದುರಿನವರು ನಗುತ್ತಾರೆ. ಅಲ್ಲಿ ತರ್ಕದ ಪಾಲಿಗಿರುವುದು ಆಕ್ಷೇಪಗಳಿಗೆ ಉತ್ತರ ಕೊಡುವ ಕೆಲಸ. ಉದಾಹರಣೆಗೆ, ‘ಮೂರು ಒಂದಾಗುವುದು ಹೇಗೆ?’ ಎಂದರೆ: ಸ್ವರೂಪ ಒಂದು, ವ್ಯಕ್ತಿಗಳು ಮೂವರು. ಒಂದೇ ಅರ್ಥದಲ್ಲಿ ಎರಡನ್ನೂ ಹೇಳುತ್ತಿಲ್ಲವಾದ್ದರಿಂದ ನೇರ ವಿರೋಧಾಭಾಸವಿಲ್ಲ. ಬುದ್ಧಿಗೆ ಮೀರಿದ್ದು ಬೇರೆ, ಬುದ್ಧಿಗೆ ವಿರುದ್ಧವಾದದ್ದು ಬೇರೆ.

ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಜೀವಂತವಾಗಿ ಎದ್ದನೆಂಬ ಮಾತಿನ, ಲೆಕ್ಕವೇ ಬೇರೆ. ಅದು ಚರಿತ್ರೆಯೊಳಗೆ ನಡೆಯಿತೆಂಬ ಮಾತು. ಬೈಬಲ್ಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ (1 ಕೊರಿಂಥ) 15ನೇ ಅಧ್ಯಾಯ ತೆರೆಯಿರಿ. ಪೌಲನು ಕೇಫ (ಶಿಷ್ಯ ಪೇತ್ರ), ಹನ್ನೆರಡು ಮಂದಿ ಶಿಷ್ಯರು, 500ಕ್ಕೂ ಹೆಚ್ಚು ಸಹೋದರರು ಎಂದು ಸಾಕ್ಷಿಗಳ ಪಟ್ಟಿ ಕೊಡುತ್ತಾನೆ. ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಎಂದೂ ಬರೆಯುತ್ತಾನೆ. ಹಾಗಾಗಿ ‘ಸುಮ್ಮನೆ ನಂಬು’ ಎಂಬ ಉತ್ತರ ಇಲ್ಲಿ ಸಲ್ಲದು. ಬರಹದ ಕಾಲ, ಸಾಕ್ಷಿಗಳ ಮೂಲ, ಪರ್ಯಾಯ ವಿವರಣೆಗಳು, ಇಷ್ಟನ್ನೂ ತೂಗಿ. ಸಾಮಾನ್ಯವಾಗಿ ಸಿಗುವುದು ಸಂಭವನೀಯತೆ. ಗಣಿತದ ಖಚಿತತೆ ಕೇಳಬೇಡಿ, ಚರಿತ್ರೆಯ ಯಾವ ಸಂಗತಿಗೂ ಅದು ಸಿಗದು.

ವಾದ ಒಪ್ಪಿಗೆಯಾದ ಮಾತ್ರಕ್ಕೆ ವಿಶ್ವಾಸ ಬಂತೆಂದು ಬರೆದುಕೊಳ್ಳಬೇಡಿ. ದೆವ್ವಗಳೂ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ ಎನ್ನುತ್ತದೆ ಬೈಬಲ್ಲಿನ ಯಾಕೋಬನ ಪತ್ರ (2:19). ವಿಶ್ವಾಸದಲ್ಲಿ ತಿಳಿವು, ಸಮ್ಮತಿ, ಭರವಸೆ ಎಂಬ ಮೂರು ಇವೆ; ನಿಮ್ಮ ಬರಹದಲ್ಲಿ ಈ ಮೂರಕ್ಕೂ ಬೇರೆ ಬೇರೆ ಸಾಲು ಬಿಡಿ.