ಶಿಫಾರಸಾದ ರಾಗಿ ತಳಿಯನ್ನು ನಿಮ್ಮ ಹೊಲದಲ್ಲೇ ಪರೀಕ್ಷಿಸಿ ನೋಡುವ ಕ್ರಮ

ರಾಗಿಯಲ್ಲಿ ಹೊಸ ತಳಿಗಳಿಗೆ ಕೊರತೆಯಿಲ್ಲ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ಸರಣಿಯನ್ನು ಕೊಟ್ಟ ಕಾಲದಿಂದ ಹಿಡಿದು ಜಿಪಿಯು-28, ಎಂಎಲ್-365, ಕೆಎಂಆರ್-301ರವರೆಗೆ ಒಂದರ ಹಿಂದೆ ಒಂದು ತಳಿ ಬರುತ್ತಲೇ ಇದೆ. ಕೊರತೆ ಇರುವುದು ಬೇರೆಡೆ: ಇವುಗಳಲ್ಲಿ ಯಾವುದು ತನ್ನ ಎರಡು ಎಕರೆ ಖುಷ್ಕಿಗೆ ಒಗ್ಗುತ್ತದೆ ಎಂಬುದನ್ನು ಸಣ್ಣ ರೈತನು ದೊಡ್ಡ ನಷ್ಟಕ್ಕೆ ಒಡ್ಡಿಕೊಳ್ಳದೆ ತಿಳಿದುಕೊಳ್ಳುವ ದಾರಿ ಬಹಳ ಕಡೆ ಬಳಕೆಯಲ್ಲಿಲ್ಲ. ಶಿಫಾರಸು ಹೊರಡುವುದು ವಲಯಕ್ಕೆ, ಬಿತ್ತನೆ ಆಗುವುದು ಹೊಲದಲ್ಲಿ. ತುಮಕೂರು ಜಿಲ್ಲೆಯೊಂದೇ ಮೂರು ಕೃಷಿ ಹವಾಮಾನ ವಲಯಗಳಲ್ಲಿ ಹಂಚಿಹೋಗಿದೆ. ಪಾವಗಡ, ಶಿರಾ, ಮಧುಗಿರಿ ಮಧ್ಯ ಒಣ ವಲಯದಲ್ಲಿವೆ, ತುಮಕೂರು ಮತ್ತು ಗುಬ್ಬಿ ತಾಲ್ಲೂಕುಗಳು ಕೋಲಾರ, ಚಿಕ್ಕಬಳ್ಳಾಪುರಗಳ ಜೊತೆಗೆ ಪೂರ್ವ ಒಣ ವಲಯದಲ್ಲಿವೆ, ಕುಣಿಗಲ್ ದಕ್ಷಿಣ ಒಣ ವಲಯಕ್ಕೆ ಸೇರಿದೆ. ಹೀಗಿರುವಾಗ ಸಂಶೋಧನಾ ಕೇಂದ್ರದ ಇಳುವರಿ ಅಂಕಿಯನ್ನು ನಿಮ್ಮ ಹೊಲದ ಭರವಸೆ ಎಂದು ಓದಿಕೊಳ್ಳಬಾರದು. ಪರೀಕ್ಷಿಸಲು ಯೋಗ್ಯವಾದದ್ದು ಎಂದಷ್ಟೇ ಓದಿಕೊಳ್ಳಬೇಕು.

ರೈತರ ಹೊಲದಲ್ಲೇ, ರೈತರ ಕೈಯಿಂದಲೇ ತಳಿ ಪರೀಕ್ಷೆ ನಡೆಸುವ ಪದ್ಧತಿ ಬಡ ದೇಶಗಳ ಮಳೆಯಾಶ್ರಿತ ಬೇಸಾಯದಲ್ಲಿ ಕೆಲವು ದಶಕಗಳಿಂದ ಬೆಳೆದುಬಂದಿದೆ. ಜಾರ್ಖಂಡಿನ ಮೆಟ್ಟು ಭತ್ತದ ಅಶೋಕ ತಳಿಗಳು ರೈತರು ಜೊತೆಗಿದ್ದು ಆರಿಸಿದವು. ಮಲಾವಿ ದೇಶದಲ್ಲಿ 1990ರ ದಶಕದಲ್ಲಿ ಊರಿಗೊಂದು ದೊಡ್ಡ ತಾಯಿ ತಾಕು, ಅದರ ಸುತ್ತ ಹಲವು ರೈತರ ಹೊಲಗಳಲ್ಲಿ ಚಿಕ್ಕ ಮರಿ ತಾಕುಗಳು ಎಂಬ ವ್ಯವಸ್ಥೆ ರೂಢಿಗೆ ಬಂತು. ಈಚೆಗೆ ಪ್ರತಿ ರೈತನಿಗೂ ಮೂರೇ ತಳಿಗಳನ್ನು ಕೊಟ್ಟು, ಯಾವುದು ಎಲ್ಲಕ್ಕಿಂತ ಮೇಲು, ಯಾವುದು ಕಡೆಯದು ಎಂದಷ್ಟೇ ಕೇಳಿ, ನೂರಾರು ರೈತರ ಉತ್ತರಗಳನ್ನು ಒಟ್ಟುಗೂಡಿಸುವ ಕ್ರಮವೂ ಬಳಕೆಯಲ್ಲಿದೆ. ಇಲ್ಲಿ ವಿವರಿಸುವುದು ಇವೆಲ್ಲಕ್ಕಿಂತ ಸರಳವಾದದ್ದು. ಆರು ಗುಂಟೆ ನೆಲ, ಅರ್ಧ ಕಿಲೋ ಹೊಸ ಬೀಜ, ಒಂದು ತಕ್ಕಡಿ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಬೀಜ ಮತ್ತು ಪ್ರಶ್ನೆ

ಒಂದು ಹಂಗಾಮಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಹೊಸ ತಳಿಯನ್ನು ಹಾಕಿ, ಅದಕ್ಕೆ ಗೊಬ್ಬರವನ್ನೂ ಹೆಚ್ಚು ಕೊಟ್ಟು, ಸಾಲಿನ ಅಂತರವನ್ನೂ ಬದಲಿಸಿದರೆ, ಬಂದ ಇಳುವರಿ ಯಾವುದರಿಂದ ಬಂತು ಎಂದು ದೇವರೂ ಹೇಳಲಾರ. ನಿಮ್ಮ ಹಳೆಯ ತಳಿಯ ಬೀಜ ಮನೆಯದ್ದೇ ಆಗಿದ್ದರೂ ಚೆನ್ನಾಗಿ ಮೊಳೆಯುವಂಥದ್ದಾಗಿರಬೇಕು. ಹಳಸಿದ ಬೀಜದ ಎದುರು ಪ್ರಮಾಣಿತ ಬೀಜ ಗೆದ್ದರೆ ಅದು ತಳಿಯ ಗೆಲುವಲ್ಲ. ಎರಡರಿಂದಲೂ ನೂರು ನೂರು ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದ ಮೇಲೆಯೇ ಮುಂದಿನ ಮಾತು. ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕಿಲೋ ಬೀಜ ಬೇಕಾಗುವುದರಿಂದ ಮೂರು ಗುಂಟೆಗೆ 400 ಗ್ರಾಂ ಒಳಗೇ ಸಾಕಾಗುತ್ತದೆ. ಬೀಜಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ, ತುಮಕೂರಿನವರು ಹಿರೇಹಳ್ಳಿ ಅಥವಾ ಕೊನೇಹಳ್ಳಿ, ಕೋಲಾರದವರು ಟಮಕ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಮಳೆಗೆ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ತಳಿಗಳ ಅವಧಿಯನ್ನು ಗಮನಿಸದೆ ಹೋಲಿಸಬೇಡಿ. ಜಿಪಿಯು-28 ಸುಮಾರು 110ರಿಂದ 115 ದಿನದ ತಳಿ, ಎಂಎಲ್-365 ಸುಮಾರು 105ರಿಂದ 110 ದಿನದ್ದು. ಇವೆರಡನ್ನು ಒಂದೇ ದಿನ ಬಿತ್ತಿ ಹೋಲಿಸುವುದು ನ್ಯಾಯವೇ. ಆದರೆ ಹುಬ್ಬೆ ಮಳೆಗೆ ತಡವಾಗಿ ಬಿತ್ತಲೆಂದೇ ಇರುವ ಅಲ್ಪಾವಧಿ ತಳಿಯನ್ನು ಪುಷ್ಯದಲ್ಲೇ ದೀರ್ಘಾವಧಿ ತಳಿಯ ಪಕ್ಕ ಬಿತ್ತಿದರೆ, ಅದು ಬೇಗ ಮಾಗಿ ಹಿಂಗಾರು ಮಳೆಗೆ ಸಿಕ್ಕಿ ತೆನೆಯಲ್ಲೇ ಮೊಳೆಯಬಹುದು. ಆ ಸೋಲಿನಿಂದ ಕಲಿಯುವುದೇನೂ ಇಲ್ಲ. ನೀವು ನಿಜವಾಗಿ ಯಾವಾಗ ಬಿತ್ತುತ್ತೀರೋ ಆಗಲೇ ಪರೀಕ್ಷೆಯೂ ಆಗಬೇಕು.

ತಾಕುಗಳನ್ನು ಗುರುತಿಸುವುದು

ಇಡೀ ಪರೀಕ್ಷೆ ನಿಲ್ಲುವುದೂ ಬೀಳುವುದೂ ಇಲ್ಲೇ. ಹೊಲದ ಮೇಲ್ಭಾಗದಲ್ಲಿ ಹಳೆಯ ತಳಿ, ಕೆಳಭಾಗದಲ್ಲಿ ಹೊಸ ತಳಿ ಎಂದು ಎರಡು ಭಾಗ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಏರ್ಪಾಡು, ಮತ್ತು ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ನಮ್ಮ ಕೆಂಪು ಮಣ್ಣಿನ ಹೊಲಗಳಲ್ಲಿ ಮೇಲ್ಭಾಗ ತೆಳುವಾಗಿ ಗರಸು ಹೊರಟಿರುತ್ತದೆ, ಕೆಳಬದುವಿನ ಬಳಿ ಮೆಕ್ಕಲು ಮಣ್ಣು ನಿಂತು ತೇವ ವಾರಗಟ್ಟಲೆ ಹಿಡಿದಿರುತ್ತದೆ. ಅಂಥ ಹೊಲದಲ್ಲಿ ಒಂದೇ ತಳಿಯನ್ನು ಎರಡೂ ಕಡೆ ಬಿತ್ತಿದರೂ ಕೆಳಗಿನದೇ ಹೆಚ್ಚು ಕೊಡುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಈ ತೊಡಕನ್ನೇ ಬಿಡಿಸುತ್ತಾ, ಹೋಲಿಸುವ ಪ್ರತಿಯೊಂದನ್ನೂ, ಇಲ್ಲಿ ಪ್ರತಿ ತಳಿಯನ್ನೂ, ಹೊಲದ ಹಲವು ಕಡೆ ಪುನರಾವರ್ತಿಸಬೇಕು ಮತ್ತು ಯಾವುದು ಎಲ್ಲಿ ಎಂಬುದನ್ನು ಮನುಷ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕು ಎಂಬ ನಿಯಮಗಳನ್ನು ನೆಲೆಗೊಳಿಸಿದರು. ಇಂದಿಗೂ ಅವಕ್ಕಿಂತ ಅಗ್ಗದ ಉಪಾಯ ಬಂದಿಲ್ಲ.

ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು ಮಣ್ಣು ನೀರು ಉಳಿಸುವುದಕ್ಕೆ ಸರಿಯಾದ ಪದ್ಧತಿಯಾದ್ದರಿಂದ ಅದನ್ನು ಪರೀಕ್ಷೆಗಾಗಿ ಬಿಡಬೇಕಾಗಿಲ್ಲ. ಹೊಲದ ಮೇಲ್ಭಾಗ, ನಡುಭಾಗ, ಕೆಳಭಾಗಗಳಲ್ಲಿ ಒಂದೊಂದು ಜೋಡಿ ಪಟ್ಟಿಗಳನ್ನು ಗುರುತಿಸಿ. ಪ್ರತಿ ಪಟ್ಟಿಯೂ 6 ಮೀಟರ್ ಅಗಲ, 17 ಮೀಟರ್ ಉದ್ದ ಇದ್ದರೆ ಹೆಚ್ಚುಕಡಿಮೆ ಒಂದು ಗುಂಟೆ ಆಗುತ್ತದೆ. ಒಂದು ಜೋಡಿಯ ಎರಡು ಪಟ್ಟಿಗಳು ಪಕ್ಕಪಕ್ಕದಲ್ಲೇ ಇರಬೇಕು, ಯಾವುದು ಹಳೆಯದು ಯಾವುದು ಹೊಸದು ಎಂಬುದಕ್ಕೆ ಪ್ರತಿ ಜೋಡಿಗೂ ಬೇರೆಯಾಗಿ ನಾಣ್ಯ ಚಿಮ್ಮಬೇಕು. ಒಳ್ಳೆಯ ಜಾಗವನ್ನು ಹೊಸ ತಳಿಗೆ ಕೊಡುವ ಆಸೆ ಎಲ್ಲರಿಗೂ ಇರುತ್ತದೆ, ಬೀಜ ಕೊಟ್ಟ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರೆ ಇನ್ನೂ ಹೆಚ್ಚು. ನಾಣ್ಯಕ್ಕೆ ಆ ದಾಕ್ಷಿಣ್ಯವಿಲ್ಲ.

ಕೆಲವು ಜಾಗಗಳನ್ನು ಪೂರ್ತಿ ಬಿಟ್ಟುಬಿಡಿ. ಹಿಂದಿನ ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸಿದ ನೆಲ, ಹಳೆಯ ಕಣ, ತಿಪ್ಪೆ ಇದ್ದ ಮೂಲೆ, ಹುಣಸೆ ಮರದ ನೆರಳು, ಹಾಗೂ ಕೋಲಾರದ ಕಡೆ ಸಾಮಾನ್ಯವಾಗಿರುವಂತೆ ಪಕ್ಕದವರ ನೀಲಗಿರಿ ತೋಪಿಗೆ ತಾಗಿದ ಅಂಚು ಪರೀಕ್ಷೆಗೆ ಬಾರದು. ಅಕ್ಕಡಿ ಸಾಲು ನಿಮ್ಮ ಮನೆಯ ರೂಢಿಯಾಗಿದ್ದರೆ ಅದನ್ನು ಉಳಿಸಿಕೊಳ್ಳಿ, ಅವರೆಯೋ ತೊಗರಿಯೋ ಇಲ್ಲದ ಬರೀ ರಾಗಿಯ ಫಲಿತಾಂಶ ಅಕ್ಕಡಿ ಹಾಕುವವನಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆದರೆ ಆರೂ ಪಟ್ಟಿಗಳಲ್ಲಿ ಅಕ್ಕಡಿಯ ಸಾಲುಗಳ ಸಂಖ್ಯೆಯೂ ಬೆಳೆಯೂ ಒಂದೇ ಆಗಿರಲಿ.

ಬಿತ್ತನೆ, ಗೊಬ್ಬರ, ಕುಂಟೆ ಹೊಡೆಯುವುದು, ಕಳೆ ತೆಗೆಯುವುದು ಎಲ್ಲವೂ ನಿಮ್ಮ ಎಂದಿನ ರೀತಿಯಲ್ಲೇ ಸಾಗಲಿ. ಒಂದು ಜೋಡಿಯ ಎರಡೂ ಪಟ್ಟಿಗಳ ಕೆಲಸ ಒಂದೇ ದಿನ ಮುಗಿಯಬೇಕೆಂಬುದಷ್ಟೇ ನಿಯಮ.

ಬರೆದಿಡಬೇಕಾದದ್ದು

ಮಳೆ ಬಿದ್ದ ದಿನಗಳು, ಅರ್ಧದಷ್ಟು ತೆಂಡೆಗಳಲ್ಲಿ ತೆನೆ ಹೊರಬಂದ ದಿನ, ಮಾಗಿದ ದಿನ, ಗಾಳಿ ಮಳೆಗೆ ಪೈರು ಮಲಗಿತೇ ಇಲ್ಲವೇ ಎಂಬುದು, ಇಷ್ಟನ್ನು ಆಯಾ ದಿನವೇ ಬರೆಯಿರಿ. ಬೆಂಕಿ ರೋಗವನ್ನು ಕಣ್ಣಂದಾಜಿನಲ್ಲಿ ಹೇಳದೆ, ಪ್ರತಿ ಪಟ್ಟಿಯಲ್ಲೂ ನಡೆಯುತ್ತಾ ಕೈಗೆ ಸಿಕ್ಕಂತೆ ನೂರು ತೆನೆಗಳನ್ನು ನೋಡಿ, ಕುತ್ತಿಗೆಯಲ್ಲಿ ಕಪ್ಪಾಗಿ ಕಾಳು ಜೊಳ್ಳಾದವು ಎಷ್ಟು ಎಂದು ಎಣಿಸಬೇಕು.

ಕಟಾವು ಮತ್ತು ತೂಕ

ವಿಮೆಗಾಗಿ ಅಧಿಕಾರಿಗಳು ಮಾಡುವ ಬೆಳೆ ಕಟಾವು ಪ್ರಯೋಗವನ್ನು ನೋಡಿದವರಿಗೆ ಈ ಭಾಗ ಹೊಸದಲ್ಲ. ಪ್ರತಿ ಪಟ್ಟಿಯ ನಡುವೆ, ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಟ್ಟು, 5 ಮೀಟರ್‌ಗೆ 5 ಮೀಟರ್ ಚೌಕವನ್ನು ಗೂಟ ಹಗ್ಗದಿಂದ ಗುರುತಿಸಿ, ಅದರೊಳಗಿನ ಬೆಳೆಯನ್ನು ಮಾತ್ರ ಬೇರೆಯಾಗಿ ಕೊಯ್ದು ಚೀಟಿ ಕಟ್ಟಿಡಿ. ಎಲ್ಲ ಕಂತೆಗಳನ್ನೂ ಒಂದೇ ಕಣದಲ್ಲಿ ಒಂದೇ ರೀತಿ ಒಣಗಿಸಿ, ಬಡಿದು, ತೂರಿ, ಕಾಳನ್ನು ಮತ್ತೆ ಬಿಸಿಲಿಗೆ ಹಾಕಿ ತೂಗಬೇಕು. ತೇವಾಂಶ ಅಳೆಯುವ ಉಪಕರಣ ಸಿಕ್ಕರೆ ಶೇಕಡ 12ರ ಲೆಕ್ಕಕ್ಕೆ ತನ್ನಿ: ತೂಕವನ್ನು, ನೂರರಲ್ಲಿ ತೇವಾಂಶ ಕಳೆದು ಉಳಿದ ಸಂಖ್ಯೆಯಿಂದ ಗುಣಿಸಿ 88ರಿಂದ ಭಾಗಿಸಿದರೆ ಆಯಿತು. ಶೇಕಡ 18 ತೇವವಿರುವ 5 ಕಿಲೋ ರಾಗಿ ಹೀಗೆ 4.66 ಕಿಲೋಗೆ ಇಳಿಯುತ್ತದೆ. ಚೌಕದ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ದೊರೆಯುತ್ತದೆ. 5 ಕಿಲೋ ಎಂದರೆ ಎಕರೆಗೆ 8 ಕ್ವಿಂಟಾಲ್‌ಗಿಂತ ಸ್ವಲ್ಪ ಹೆಚ್ಚು.

ಇನ್ನು ಫಲಿತಾಂಶವನ್ನು ಓದುವ ಬಗೆ. ಮೂರು ಜೋಡಿಗಳಲ್ಲಿ ಹೊಸ ತಳಿ ಹಳೆಯದಕ್ಕಿಂತ ಕ್ರಮವಾಗಿ 0.6, 0.4, 0.5 ಕಿಲೋ ಹೆಚ್ಚು ಕೊಟ್ಟಿತು ಎಂದಿಟ್ಟುಕೊಳ್ಳಿ. ಇನ್ನೊಬ್ಬರ ಹೊಲದಲ್ಲಿ ಒಂದು ಜೋಡಿಯಲ್ಲಿ 1.5 ಕಿಲೋ ಹೆಚ್ಚು, ಮತ್ತೊಂದರಲ್ಲಿ 0.3 ಕಡಿಮೆ, ಮೂರನೆಯದರಲ್ಲಿ 0.3 ಹೆಚ್ಚು ಬಂತು ಎನ್ನಿ. ಇವು ಲೆಕ್ಕ ತೋರಿಸಲು ಊಹಿಸಿದ ಅಂಕಿಗಳು. ಎರಡು ಕಡೆಯೂ ಸರಾಸರಿ ಅರ್ಧ ಕಿಲೋ ಹೆಚ್ಚಳವೇ ಆದರೂ, ಮೊದಲನೆಯದನ್ನು ನಂಬಬಹುದು, ಎರಡನೆಯದನ್ನು ನಂಬಲಾಗದು. ಅಲ್ಲಿ ಮಾತಾಡುತ್ತಿರುವುದು ತಳಿಯಲ್ಲ, ಮಣ್ಣು. ಸರಾಸರಿಯನ್ನಷ್ಟೇ ನೋಡಿ ತೀರ್ಮಾನಿಸುವವರು ಈ ವ್ಯತ್ಯಾಸವನ್ನು ಕಾಣುವುದೇ ಇಲ್ಲ. ಊರಿನ ಐದಾರು ಮಂದಿ ಒಂದೊಂದು ಜೋಡಿ ಹಾಕಿದರೆ, ಒಬ್ಬನೇ ಮೂರು ಜೋಡಿ ಹಾಕಿದ್ದಕ್ಕಿಂತ ಊರಿಗೆ ಹೆಚ್ಚು ತಿಳಿಯುತ್ತದೆ.

ಹುಲ್ಲಿನ ಲೆಕ್ಕ

ತಳಿ ಬಿಡುಗಡೆಯ ಪ್ರಕಟಣೆಗಳಲ್ಲಿ ಕಾಳಿನ ಇಳುವರಿ ಮುಂದೆ ನಿಲ್ಲುತ್ತದೆ, ಹುಲ್ಲು ಹಿಂದೆ ಉಳಿಯುತ್ತದೆ. ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗೆ ಈ ಕ್ರಮ ಸರಿಹೋಗದು. ಬೇಸಿಗೆಯ ಬಣವೆ ಖಾಲಿಯಾದರೆ ರಾಗಿ ಮಾರಿದ ಹಣ ಮೇವಿಗೇ ಹೋಗುತ್ತದೆ. ಹೈದರಾಬಾದಿನಲ್ಲಿ ಒಣಪ್ರದೇಶದ ಬೆಳೆಗಳ ಸಂಶೋಧನೆ ನಡೆಸುವ ಇಕ್ರಿಸ್ಯಾಟ್ ಮತ್ತು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಜೋಳದ ಸೊಪ್ಪೆಯ ವ್ಯಾಪಾರವನ್ನು ಪರಿಶೀಲಿಸಿದಾಗ, ಹೆಚ್ಚು ಜೀರ್ಣವಾಗುವ ಸೊಪ್ಪೆಗೆ ಪೇಟೆಯಲ್ಲಿ ಹೆಚ್ಚು ಬೆಲೆ ಸಿಗುತ್ತಿರುವುದು ಕಂಡುಬಂತು. ತಳಿ ಆಯ್ಕೆಯಲ್ಲಿ ಮೇವಿನ ಗುಣವನ್ನೂ ಎಣಿಸಬೇಕೆಂಬ ವಾದಕ್ಕೆ ಅದರಿಂದ ಬಲ ಬಂತು. ಆದ್ದರಿಂದ ಅದೇ ಚೌಕದ ಹುಲ್ಲನ್ನು ಒಣಗಿಸಿ ತೂಗಿ, ಊರಿನ ದರದಲ್ಲಿ ಕಾಳಿನ ಬೆಲೆಗೆ ಕೂಡಿಸಿ ನೋಡಿ. ಯಂತ್ರದಲ್ಲಿ ಕೊಯ್ಯಿಸುವವರು ಬುಡದಲ್ಲಿ ಉಳಿಯುವ ಕೂಳೆಯಷ್ಟು ಹುಲ್ಲನ್ನು ಕಳೆದು ಲೆಕ್ಕ ಹಾಕಬೇಕು.

ತೂಕದಷ್ಟೇ ಮುಖ್ಯವಾದದ್ದು ಹಸು ಅದನ್ನು ತಿನ್ನುತ್ತದೆಯೇ ಎಂಬುದು. ಇದನ್ನು ಒಂದೇ ಹಸುವಿನಲ್ಲಿ ಪರೀಕ್ಷಿಸಬಹುದು. ಎರಡು ವಾರ ಹಳೆಯ ತಳಿಯ ಹುಲ್ಲು, ಎರಡು ವಾರ ಹೊಸದರ ಹುಲ್ಲು, ಮತ್ತೆ ಎರಡು ವಾರ ಹಳೆಯದು ಹಾಕಿ. ಪ್ರತಿ ಎರಡು ವಾರದಲ್ಲಿ ಮೊದಲ ವಾರ ಮೇವನ್ನು ನಿಧಾನವಾಗಿ ಬದಲಿಸಿ ಹೊಟ್ಟೆ ಹೊಂದಿಕೊಳ್ಳಲು ಬಿಟ್ಟು, ಎರಡನೆಯ ವಾರದ ಅಂಕಿಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಕರು ಹಾಕಿದ ಎರಡು ತಿಂಗಳ ಮೇಲೆ ಹಾಲು ತಾನಾಗಿಯೇ ಇಳಿಯುತ್ತಾ ಹೋಗುವುದರಿಂದ, ಕೊನೆಗೆ ಹಳೆಯ ಮೇವಿಗೆ ಮರಳದಿದ್ದರೆ ಆ ಸಹಜ ಇಳಿಕೆಯ ಅಪವಾದವೂ ಹೊಸ ತಳಿಯ ತಲೆಗೇ ಬರುತ್ತದೆ. ಹಾಕಿದ ಹುಲ್ಲನ್ನೂ ಗೋದಲಿಯಲ್ಲಿ ಬಿಟ್ಟ ಹುಲ್ಲನ್ನೂ ದಿನವೂ ತೂಗಿ, ಹಾಲಿನ ಪ್ರಮಾಣವನ್ನೂ ಜಿಡ್ಡಿನಂಶವನ್ನೂ ಡೇರಿ ಚೀಟಿಯಿಂದ ಬರೆದುಕೊಳ್ಳಿ. ಹಿಂಡಿ, ಬೂಸಾ, ಹಸಿಮೇವುಗಳ ಅಳತೆ ಬದಲಾಗಬಾರದು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ವಾರದಲ್ಲಿ ಹಾಲು ಕೆಲವು ದಿನ ತಗ್ಗಬಹುದಾದ್ದರಿಂದ ಆ ವಾರವನ್ನು ಕೈಬಿಡಿ. ಲಸಿಕೆಯನ್ನು ಮಾತ್ರ ಪರೀಕ್ಷೆಗಾಗಿ ಮುಂದೂಡಬೇಡಿ. ಕೆಚ್ಚಲು ಬಾವು, ಜ್ವರ, ಬೆದೆ ಕಂಡ ದಿನಗಳ ಅಂಕಿಯನ್ನೂ ಪಕ್ಕಕ್ಕಿಡಬೇಕು.

ಅಡುಗೆಮನೆಯ ತೀರ್ಪು

ಎರಡೂ ರಾಗಿಯನ್ನು ಒಂದೇ ಗಿರಣಿಯಲ್ಲಿ ಬೇರೆ ಬೇರೆ ಬೀಸಿಸಿ, ಯಾವ ತಳಿಯೆಂದು ಹೇಳದೆ ಡಬ್ಬಿಗಳ ಮೇಲೆ ಒಂದು, ಎರಡು ಎಂದಷ್ಟೇ ಬರೆದು ಮನೆಯಲ್ಲಿ ಮುದ್ದೆ ತೊಳಸುವವರ ಕೈಗೆ ಕೊಡಿ. ಹಿಟ್ಟು ಎಷ್ಟು ನೀರು ಹಿಡಿಯಿತು, ಮುದ್ದೆ ಬಿರಿಯಿತೇ, ರಾತ್ರಿ ಉಳಿದದ್ದು ಬೆಳಿಗ್ಗೆ ಗಟ್ಟಿಯಾಯಿತೇ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇಳುವರಿಯಲ್ಲಿ ಗೆದ್ದ ತಳಿ ಇಲ್ಲಿ ಸೋತರೆ ಅದು ಮಾರಾಟದ ಬೆಳೆಯಾದೀತು, ಮನೆಯ ಬೆಳೆಯಾಗದು.

ಒಂದು ವರ್ಷದ ಮಳೆ ಇನ್ನೊಂದು ವರ್ಷ ಬರುವುದಿಲ್ಲವಾದ್ದರಿಂದ, ಮೊದಲ ವರ್ಷ ಚೆನ್ನಾಗಿ ಕಂಡ ತಳಿಯನ್ನು ಎರಡನೆಯ ವರ್ಷ ಅರ್ಧ ಎಕರೆಗೆ ವಿಸ್ತರಿಸಿ, ಅದರ ಜೊತೆಗೇ ಜೋಡಿ ಪಟ್ಟಿಗಳನ್ನೂ ಮತ್ತೊಮ್ಮೆ ಹಾಕುವುದು ವಿವೇಕ. ನೋಟ್‌ಬುಕ್ಕನ್ನು ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳಿಗೆ ತೋರಿಸಿ, ಅದರಲ್ಲೂ ತಳಿ ಸೋತಿದ್ದರೆ ತಪ್ಪದೆ ತೋರಿಸಿ. ಗೆದ್ದ ಸುದ್ದಿ ಅವರಿಗೆ ಹೇಗೂ ತಲುಪುತ್ತದೆ. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಬೀಜವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ನೆರೆಯವರೊಡನೆ ಬದಲಾಯಿಸಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಬೀಜಕ್ಕೆ ಪಟ್ಟಿಯ ನಡುಸಾಲುಗಳ ತೆನೆಗಳನ್ನೇ ಆರಿಸಿ, ಬೇರೆ ತಳಿಯ ಬೆರಕೆ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ ಕಿತ್ತು, ಕಣದಲ್ಲಿ ಬೇರೆ ರಾಗಿ ಬಡಿಯುವುದಕ್ಕೆ ಮೊದಲು ಇದನ್ನು ಬಡಿದು, ಚೆನ್ನಾಗಿ ಒಣಗಿಸಿ, ತಳಿಯ ಹೆಸರು ಮತ್ತು ವರ್ಷ ಬರೆದ ಚೀಟಿಯನ್ನು ಚೀಲದ ಒಳಗೊಂದು ಹೊರಗೊಂದು ಇಟ್ಟು ಕಟ್ಟಿ.