ಮನೆ ಕಂಪ್ಯೂಟರಿನಲ್ಲಿ ಪದೇ ಪದೇ ಏಳುವ ಪೇರೆಂಟಲ್ ಕಂಟ್ರೋಲ್ ಎಚ್ಚರಿಕೆ: ಕಾಟ ತಪ್ಪಿಸುವುದು ಹೇಗೆ?

ಪೇರೆಂಟಲ್ ಕಂಟ್ರೋಲ್ ಎಂದರೆ ಮಕ್ಕಳ ಕಂಪ್ಯೂಟರ್ ಬಳಕೆಗೆ ಹಿರಿಯರು ಹಾಕುವ ಕಡಿವಾಣ. ಅದರ ಎಚ್ಚರಿಕೆ ಕಂಡ ಕೂಡಲೇ ಎಲ್ಲವನ್ನೂ ಆಫ್ ಮಾಡಲು ಹೋಗಬೇಡಿ. ಅದು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೂರು ಮೂಲಗಳು: ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ, ಆಂಟಿವೈರಸ್ ಜತೆ ಬಂದ ಪೇರೆಂಟಲ್ ಕಂಟ್ರೋಲ್, ಇಲ್ಲವೇ ರೌಟರ್‌ನಲ್ಲಿ ಹಾಕಿದ ಫಿಲ್ಟರ್. ಇನ್ನೊಂದು, ಶುದ್ಧ ಮೋಸ. 'ಕಂಪ್ಯೂಟರ್ ಲಾಕ್ ಆಗಿದೆ, ಕರೆ ಮಾಡಿ' ಎಂದು ಫೋನ್ ನಂಬರ್ ತೋರಿಸಿದರೆ ಕರೆ ಮಾಡಲೇಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ ಹಳೆಯ ಟ್ಯಾಬ್‌ಗಳನ್ನು ರಿಸ್ಟೋರ್ ಮಾಡಬೇಡಿ. ಅಂಥದ್ದೇ ಸಂದೇಶ ಪರದೆಯ ಮೂಲೆಯಲ್ಲಿ ಇಣುಕುತ್ತಿದ್ದರೆ, ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ 'ನೋಟಿಫಿಕೇಶನ್ಸ್' ತೆರೆದು ಅಪರಿಚಿತ ಸೈಟ್‌ಗಳನ್ನು ತೆಗೆಯಿರಿ.

ಅಸಲಿ ಎಚ್ಚರಿಕೆಗಳು ದೊಡ್ಡವರನ್ನೂ ಕಾಡುವುದು ಬಹುಪಾಲು ಮನೆಮಂದಿಯೆಲ್ಲ ಒಂದೇ ಲಾಗಿನ್ ಬಳಸುವುದರಿಂದ. ಫ್ಯಾಮಿಲಿ ಸೇಫ್ಟಿಯ ನಿಯಮ ಅಂಟಿಕೊಳ್ಳುವುದು ಅಕೌಂಟಿಗೆ. ಮಗುವಿನ ಅಕೌಂಟಿನಲ್ಲಿ ಅಪ್ಪ ಕೂತರೂ ಅದಕ್ಕೆ ಅವರು ಮಗುವೇ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಪ್ರತಿಯೊಬ್ಬರಿಗೂ ಬೇರೆ ಅಕೌಂಟ್ ಮಾಡಿ. ಮಗುವಿನದು 'ಸ್ಟ್ಯಾಂಡರ್ಡ್ ಯೂಸರ್' ಆಗಿರಲಿ. ಅಡ್ಮಿನಿಸ್ಟ್ರೇಟರ್ ಹಕ್ಕಿದ್ದರೆ ಹೊಸ ಅಕೌಂಟ್ ಸೃಷ್ಟಿಸಿ ನಿಯಮಗಳಿಂದ ನುಣುಚಿಕೊಳ್ಳಬಹುದು.

ಆಮೇಲೂ ಗಲಾಟೆ ನಿಲ್ಲದಿದ್ದರೆ ಫ್ಯಾಮಿಲಿ ಸೇಫ್ಟಿಯಲ್ಲಿ ಬೇಡದ ಸೈಟ್‌ಗಳನ್ನು ತಡೆಯುವ ವೆಬ್ ಫಿಲ್ಟರ್ ನೋಡಿ. ಇದು ಎಡ್ಜ್ ಬ್ರೌಸರ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಆನ್ ಮಾಡಿದೊಡನೆ ಕ್ರೋಮ್, ಫೈರ್‌ಫಾಕ್ಸ್‌ನಂಥವನ್ನು ತಡೆಯುತ್ತದೆ; ಮಗು ಕ್ರೋಮ್ ಒತ್ತಿದಾಗಲೆಲ್ಲ ಅನುಮತಿ ಕೇಳುವ ಕಿಟಕಿ ಏಳುತ್ತದೆ. ಕ್ರೋಮ್‌ಗೆ ಅನುಮತಿ ಕೊಟ್ಟರೆ ಕಿಟಕಿ ಏಳದು, ಆದರೆ ಅಲ್ಲಿ ಈ ಫಿಲ್ಟರ್ ಇರದು. ಕ್ರೋಮ್ ಐಕಾನನ್ನೇ ಮಗುವಿನ ಟಾಸ್ಕ್‌ಬಾರ್‌ನಿಂದ ತೆಗೆದು ಎಡ್ಜ್ ಇಡುವುದು ವಾಸಿ.

ಅದೇ ಫಿಲ್ಟರ್‌ನ 'ಅನುಮತಿಸಿದ ಸೈಟ್ ಮಾತ್ರ' ಎಂಬ ಆಯ್ಕೆ ಇನ್ನೊಂದು ತಲೆನೋವು. ಪಾಠದ ಸೈಟನ್ನು ಪಟ್ಟಿಗೆ ಸೇರಿಸಿದರೂ ಅದರ ಲಾಗಿನ್ ಪುಟ ಬೇರೆ ವಿಳಾಸದಲ್ಲಿದ್ದರೆ ಅಲ್ಲೇ ತಡೆಯಾಗುತ್ತದೆ. ತಡೆದ ಪುಟದ ವಿಳಾಸವನ್ನು ನೋಡಿ, ಅದನ್ನೂ ಸೇರಿಸಿ. ಚಿಕ್ಕ ಮಕ್ಕಳಿಗಲ್ಲದೆ ಈ ಆಯ್ಕೆ ಬೇಡ.

ರೌಟರ್‌ನಲ್ಲಿ 1.1.1.3ರಂಥ ಕುಟುಂಬ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ, ಬೇಡದ ಸೈಟ್‌ಗಳನ್ನು ತಡೆಯುವ ಸೇವೆ) ಹಾಕಿದ್ದರೆ ಮನೆಯ ಫೋನುಗಳಿಗೂ ಅದೇ ನಿಯಮ. ಅಲ್ಲಿ ಎಚ್ಚರಿಕೆ ಬರುವ ಬದಲು ಪುಟವೇ ತೆರೆಯದಿರಬಹುದು. ಕೆಲವು ಫಿಲ್ಟರ್‌ಗಳು ತಮ್ಮ 'ತಡೆಯಲಾಗಿದೆ' ಪುಟಕ್ಕೆ ಕಳಿಸುತ್ತವೆ. ಹಾಗೆ ಕಳಿಸಿದಾಗ, ಸೈಟ್ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಆಗಿದ್ದರೆ ಬ್ರೌಸರ್ ಸರ್ಟಿಫಿಕೇಟ್ ದೋಷ, ಅಂದರೆ ಸೈಟಿನ ಗುರುತು ತಾಳೆಯಾಗುತ್ತಿಲ್ಲ ಎಂದು ತೋರಿಸುತ್ತದೆ. ಅದನ್ನು ದಾಟಿ ಮುಂದೆ ಹೋಗುವ ಬಟನ್ ಒತ್ತಬೇಡಿ. ರೌಟರ್‌ನ ಸೆಟ್ಟಿಂಗ್‌ನಲ್ಲೇ ಸರಿಪಡಿಸಿ.

ಒಂದೇ ಕೆಲಸಕ್ಕೆ ಎರಡು ಕಾವಲು ಇಟ್ಟರೆ ಎಚ್ಚರಿಕೆಯೂ ಎರಡೆರಡು. ಆಂಟಿವೈರಸ್‌ನದು ಬೇಡವೆನಿಸಿದರೆ ಅದರೊಳಗೇ ಪೇರೆಂಟ್ ಪಾಸ್‌ವರ್ಡ್ ಕೊಟ್ಟು ಪೇರೆಂಟಲ್ ಕಂಟ್ರೋಲನ್ನಷ್ಟೇ ನಿಲ್ಲಿಸಿ. ಆಂಟಿವೈರಸ್‌ನ ಫೋಲ್ಡರನ್ನೇ ಡಿಲೀಟ್ ಮಾಡಿದರೆ ಅದರ ನೆಟ್‌ವರ್ಕ್ ಫಿಲ್ಟರ್ ಹಿಂದೆ ಉಳಿದು ಇಂಟರ್ನೆಟ್ಟೇ ಕೈಕೊಡಬಹುದು. ವಾರಕ್ಕೊಮ್ಮೆ ಬರುವ ವರದಿಯ ಇಮೇಲ್ ಬೇಡವಾದರೆ, ಫ್ಯಾಮಿಲಿ ಸೇಫ್ಟಿ ಪುಟದಲ್ಲಿ ಆ ಮಗುವಿನ ಹೆಸರಿನಡಿ ಅದನ್ನು ಪ್ರತ್ಯೇಕವಾಗಿ ಆಫ್ ಮಾಡಬಹುದು.