ಜೈಲಿನಿಂದ ಬಂದ ಅಪೀಲು

"ನೀವು ಸರ್ಕಾರದ ಲಾಯರ್ ಅಲ್ವಾ ಸಾರ್? ನನ್ನನ್ನ ಒಳಗೆ ಹಾಕಿದ್ದೂ ಸರ್ಕಾರವೇ."

ಜೈಲಿನ ಭೇಟಿ ಕೋಣೆಯಲ್ಲಿ ಅವರು ಆಡಿದ ಮೊದಲ ಮಾತು ಇದು. ಕೋಲಾರದ ಕಡೆಯ ಕೂಲಿ ಕೆಲಸದವರು. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ. ಉಚಿತವಾಗಿ ವಕೀಲರನ್ನು ಕೊಡುವ ಹೈಕೋರ್ಟ್ ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲಿ ನನ್ನ ಹೆಸರಿತ್ತು, ಅವರ ಅಪೀಲು ನನಗೆ ಬಂತು. ನಾನು ಖಾಸಗಿ ವಕೀಲ, ಸಮಿತಿ ಫೀಸು ಮಾತ್ರ ಕೊಡುತ್ತದೆ, ಕೋರ್ಟಿನಲ್ಲಿ ನಿಮ್ಮ ವಿರುದ್ಧ ನಿಲ್ಲುವ ಸರ್ಕಾರಿ ವಕೀಲರೇ ಬೇರೆ ಅಂತ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಕೊಡದಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ. ಆವತ್ತಿನಿಂದ ನೇಮಕದ ಪತ್ರ ಕೈಗೆ ಬಂದ ವಾರದಲ್ಲೇ ಜೈಲಿಗೆ ಹೋಗುತ್ತೇನೆ.

ಅಪೀಲು ಮಾಡಲು ದೊಡ್ಡ ವಕೀಲರನ್ನು ಇಡಬೇಕು ಅಂತ ಅವರ ಅಣ್ಣ ಒಂದು ವರ್ಷಕ್ಕೂ ಜಾಸ್ತಿ ಸಾಲಕ್ಕಾಗಿ ಅಲೆದಿದ್ದರು. ಸೆಷನ್ಸ್ ಕೋರ್ಟಿನ ಶಿಕ್ಷೆ ವಿರುದ್ಧ ಹೈಕೋರ್ಟಿಗೆ ಬರಲು ಇರುವುದು 60 ದಿನ. ಅದು ಯಾವಾಗಲೋ ಮುಗಿದಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಜೈಲಿನಲ್ಲಿರುವವರಿಗೆ ವಕೀಲರು ಉಚಿತ. ಆದಾಯ ಎಷ್ಟು ಅಂತ ಕೇಳುವ ಹಾಗೇ ಇಲ್ಲ. ತೀರ್ಪಿನ ನಕಲು ಪುಕ್ಕಟೆಯಾಗಿ ಕೈದಿಯ ಕೈಗೆ ಸೇರಬೇಕು, ವಕೀಲರನ್ನೂ ಕೊಡಬೇಕು ಅಂತ 1978ರಲ್ಲೇ ಹೊಸ್ಕೋಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಆ ಮನೆಯವರಿಗೆ ಇದರಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ತಡವಾದದ್ದಕ್ಕೆ ಕಾರಣ ಬರೆದು ಅಫಿಡವಿಟ್ ಹಾಕಿದೆ. ಕೋರ್ಟು ವಿಳಂಬ ಮನ್ನಿಸಿತು.

ಆಮೇಲೆ ಕೇಸಿನ ಕಡತ ಬಂತು. ಕಣ್ಣಾರೆ ನೋಡಿದ ಸಾಕ್ಷಿ ಒಬ್ಬರೇ. ಅವರು ಆರೋಪಿ ಓಡಿಹೋಗುವುದನ್ನು ನೋಡಿದರು ಅಂತ ಇಂಗ್ಲಿಷ್ ಅನುವಾದದಲ್ಲಿತ್ತು. ಸುಮ್ನೆ ಒಂದು ಸಲ ನೋಡೋಣ ಅಂತ ಮೂಲ ಕನ್ನಡ ಹೇಳಿಕೆ ತೆಗೆದೆ. "ಕತ್ತಲಿತ್ತು, ಓಡಿದವನು ಅವನ ಹಾಗೆ ಕಂಡ." ಅವನನ್ನು ಕಂಡೆ ಅನ್ನುವುದಕ್ಕೂ ಅವನ ಹಾಗೆ ಕಂಡ ಅನ್ನುವುದಕ್ಕೂ ಎಷ್ಟು ಅಂತರ! ಪಾಟೀ ಸವಾಲಿನಲ್ಲಿ ಬೆಳಕಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಮತ್ತೆ ಜೈಲಿಗೆ ಹೋದೆ. ಬೀದಿ ದೀಪ ಎಲ್ಲಿತ್ತು ಅಂತ ಕೇಳಿದೆ. ಅವರು ನನ್ನ ಪೆನ್ನು ತೆಗೆದುಕೊಂಡು ಪುಸ್ತಕದ ಹಾಳೆ ಮೇಲೆ ಓಣಿ ಬರೆದರು. ಚೌಕ ಚೌಕವಾಗಿ ಮನೆಗಳು, ಒಂದು ಬೇವಿನ ಮರ, ತಿರುವು ದಾಟಿದ ಮೇಲೆ ಕಂಬ. ಪೊಲೀಸರ ಸ್ಥಳದ ನಕ್ಷೆ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲೂ ಕಂಬ ತಿರುವಿನ ಆಚೆಗೇ ಇತ್ತು. ಸಾಕ್ಷಿ ನಿಂತಿದ್ದು ಈಚೆಗೆ.

ವಾದಕ್ಕೆ ನಿಂತಾಗ ಮುಖ್ಯವಾಗಿ ಹಿಡಿದುಕೊಂಡದ್ದು ಈ ಎರಡನ್ನೇ, ಆ ಕನ್ನಡ ವಾಕ್ಯ ಮತ್ತು ಆ ಕಂಬ. ಸಂಶಯದ ಲಾಭ ಕೊಟ್ಟು ಕೋರ್ಟು ಅವರನ್ನು ಬಿಡುಗಡೆ ಮಾಡಿತು.

ಸಂಜೆ ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಫೀಸು ಎಷ್ಟು ಕೊಡಬೇಕು ಸಾರ್?" ಏನೂ ಕೊಡುವ ಹಾಗಿಲ್ಲ ಅಂದೆ. ನಂಬಿಕೆ ಬರದೆ ಇನ್ನೊಂದು ಸಲ ಕೇಳಿದರು.